ಏರು, ಕಾವು, ಹಲ್ಲಿನ ಲೆಕ್ಕ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಮಗ ಸಿಂಹಗಡದ ದಾರಿಯಿಂದ ಫೋನ್ ಮಾಡಿದ. ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಹಳೆಯ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಬ್ ಮೋಟಾರಿನ ಕಿಟ್ ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. ಆಫೀಸಿಗೆ ಹೋಗಿಬರಲು ಅದು ಹೂವಿನಂತೆ ಓಡುತ್ತಿತ್ತು. ಆ ದಿನ ಗಡದ ಮೇಲೆ ಪಿಠಲ, ಭಾಕರಿ ತಿಂದು ಬರೋಣವೆಂದು ಗೆಳೆಯರ ಜೊತೆ ಹೊರಟಿದ್ದ.

"ಕಾಕಾ, ಅರ್ಧಾ ಘಾಟಿನ್ಯಾಗ ಮೋಟಾರ್ ನಿಂತಬಿಡ್ತು. ಮುಟ್ಟಿದ್ರ ಕೈ ಸುಡಾಕತ್ತೈತಿ. ಒಂಥರಾ ವಾಸನಿ ಬ್ಯಾರೆ."

"ವಾರ್ನಿಶ್ ಸುಟ್ಟಂಗ?"

"ಹೂಂ, ಹಂಗ."

ಆ ವಾಸನೆ ನನಗೆ ಗೊತ್ತು. ಹುಬ್ಬಳ್ಳಿಯಲ್ಲಿ ನಮ್ಮ ಸೋದರಮಾವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿಯಿತ್ತು. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದು ಬೀಳುತ್ತಿದ್ದವು. ವೋಲ್ಟೇಜ್ ಇಳಿದಾಗ ಮೋಟಾರು ಅದೇ ನೀರನ್ನು ಎತ್ತಲು ಹೆಚ್ಚು ಕರೆಂಟು ಎಳೆಯುತ್ತದೆ, ತಂತಿ ಕಾಯುತ್ತದೆ, ತಂತಿಯ ಮೇಲಿನ ಲೇಪ ಕರಗುತ್ತದೆ, ಸುರುಳಿಗೆ ಸುರುಳಿ ತಾಕುತ್ತದೆ. ಮಾವ ಮೋಟಾರಿನ ಬಾಯಿ ಬಿಚ್ಚುವ ಮೊದಲೇ ಮೂಸಿ ನೋಡಿ ರೇಟು ಹೇಳುತ್ತಿದ್ದ.

ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. ಎರಡು ತಿಂಗಳು ದಿನಾ ಹದಿನೈದು ಕಿಲೋಮೀಟರ್ ಓಡಿದ ಮೋಟಾರು ನಾಲ್ಕು ಕಿಲೋಮೀಟರಿನ ಏರಿನಲ್ಲಿ ಯಾಕೆ ಸುಟ್ಟಿತು? ಇನ್ನೂ ದೊಡ್ಡ ಮೋಟಾರು ಬೇಕಿತ್ತೇ? ಕಿಟ್ ಮಾರಿದವನು ಹಾಗೆಯೇ ಹೇಳಿದನಂತೆ. ಅವನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಸರಿಯಾದ ಉತ್ತರವೂ ಅಲ್ಲ. ಸರಿಯಾದ ಉತ್ತರವನ್ನು ಒಬ್ಬ ಮನುಷ್ಯ 1887ರಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಊರಿನಲ್ಲಿ, ತನ್ನ ಕಂಪನಿಯನ್ನೇ ಪಣಕ್ಕಿಟ್ಟು ಕಲಿತಿದ್ದ.

ಅದಕ್ಕೆ ಮೊದಲು ಸ್ವಲ್ಪ ಲೆಕ್ಕ. ಮೋಟಾರಿನ ತಿರುಚುವ ಬಲ ಅದರೊಳಗೆ ಹರಿಯುವ ಕರೆಂಟಿಗೆ ತಕ್ಕಂತೆ ಇರುತ್ತದೆ. ಎರಡು ಪಟ್ಟು ಬಲ ಬೇಕಾದರೆ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟು. ಆದರೆ ತಾಮ್ರದ ತಂತಿಯಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇದನ್ನು ಮ್ಯಾಂಚೆಸ್ಟರಿನ ಜೇಮ್ಸ್ ಜೂಲ್ 1841ರಲ್ಲೇ ಪ್ರಕಟಿಸಿದ್ದ. ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮೋಟಾರು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗಾಗಿ ಮೋಟಾರಿಗೆ ಓಟ ಸುಲಭ, ನಿಧಾನವಾಗಿ ತಿಣುಕುವುದೇ ಕಷ್ಟ. ಅದರ ಮತ್ತು ಚಕ್ರದ ನಡುವೆ ಹಲ್ಲಿನ ಚಕ್ರಗಳನ್ನಿಟ್ಟು, ಮೋಟಾರು ಹತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುವಂತೆ ಮಾಡಿದರೆ, ಮೋಟಾರು ಹಗುರವಾಗಿ ಬೇಗ ಓಡುತ್ತದೆ, ಚಕ್ರ ನಿಧಾನವಾಗಿ ಬಲವಾಗಿ ತಿರುಗುತ್ತದೆ. ಏರಿನಲ್ಲಿ ಎತ್ತಿನ ಗಾಡಿಯವರು ನೇರ ಹೋಗದೆ ಅಡ್ಡಡ್ಡ ಹೊಡೆಯುತ್ತಾರಲ್ಲ, ಅದೂ ಇದೇ ಉಪಾಯ. ದಾರಿ ಉದ್ದವಾಗುತ್ತದೆ, ಎತ್ತಿನ ಹೆಗಲು ಉಳಿಯುತ್ತದೆ.

ಈಗ ರಿಚ್ಮಂಡಿಗೆ ಹೋಗೋಣ.

ಫ್ರಾಂಕ್ ಜೂಲಿಯನ್ ಸ್ಪ್ರೇಗ್ 1857ರಲ್ಲಿ ಹುಟ್ಟಿದವನು. ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಓದಿ, 1883ರಲ್ಲಿ ನೌಕಾಪಡೆ ಬಿಟ್ಟು ಎಡಿಸನ್ನನ ಬಳಿ ಸೇರಿದ. ಎಡಿಸನ್ನನಿಗೆ ಆಗ ದೀಪದ ಧ್ಯಾನ, ಸ್ಪ್ರೇಗನಿಗೆ ಮೋಟಾರಿನದು. ಒಂದೇ ವರ್ಷದಲ್ಲಿ ಅಲ್ಲಿಂದ ಹೊರಬಿದ್ದು ಸ್ವಂತ ಕಂಪನಿ ಮಾಡಿದ. 1887ರಲ್ಲಿ, ಮೂವತ್ತರ ಪ್ರಾಯದಲ್ಲಿ, ಅವನು ಸಹಿ ಹಾಕಿದ ಕರಾರನ್ನು ಇಂದು ಓದಿದರೂ ಎದೆ ಝಲ್ಲೆನ್ನುತ್ತದೆ. ರಿಚ್ಮಂಡಿನಲ್ಲಿ ಇನ್ನೂ ಹಾಕಿಯೇ ಇರದ ಸುಮಾರು 12 ಮೈಲಿ ಹಳಿಗೆ 90 ದಿನಗಳಲ್ಲಿ ವಿದ್ಯುತ್ ಟ್ರಾಂ ಒದಗಿಸಬೇಕು. ವಿದ್ಯುತ್ ಕೇಂದ್ರ, ಮೇಲಿನ ತಂತಿ, 40 ಬಂಡಿಗಳು, ಅವಕ್ಕೆ 80 ಮೋಟಾರುಗಳು. ಒಂದೇ ಹೊತ್ತಿಗೆ 30 ಬಂಡಿ ಓಡಬೇಕು. ನೂರಕ್ಕೆ 8ರ ಏರು ಹತ್ತಬೇಕು. ಕೆಲಸ ತೃಪ್ತಿಕರವಾಗಿದ್ದರೆ ಮಾತ್ರ 1,10,000 ಡಾಲರ್. ಆ ಕಾಲಕ್ಕೆ ಅಷ್ಟು ದೊಡ್ಡ ವಿದ್ಯುತ್ ಟ್ರಾಂ ವ್ಯವಸ್ಥೆ ಜಗತ್ತಿನಲ್ಲಿ ಎಲ್ಲೂ ಓಡುತ್ತಿರಲಿಲ್ಲ.

ಸಹಿ ಬಿದ್ದ ಕೆಲವೇ ದಿನಗಳಲ್ಲಿ ಸ್ಪ್ರೇಗನಿಗೆ ಟೈಫಾಯ್ಡ್ ಹಿಡಿಯಿತು. ಕೆಲಸ ಅವನ ಇಬ್ಬರು ಸಹಾಯಕರಾದ ಆಸ್ಕರ್ ಕ್ರಾಸ್ಬಿ ಮತ್ತು ಡೇನಾ ಗ್ರೀನ್ ಅವರ ಹೆಗಲಿಗೆ ಬಿತ್ತು. ಎದ್ದು ಬಂದು ನೋಡಿದರೆ ಕೆಮ್ಮಣ್ಣಿನ ಮೇಲೆ ಹೇಗೋ ಹಾಕಿದ ತೆಳು ಹಳಿ, ಸಡಿಲ ಕೀಲು. ಏರು ಕರಾರಿನಲ್ಲಿದ್ದ 8 ಅಲ್ಲ, ಕೆಲವು ಕಡೆ 10. ಹೇಸರಗತ್ತೆಗಳು ಎಳೆಯುತ್ತಿದ್ದ ಊರಿನ ಬಂಡಿಗಳಿಗೆ ಇಂಥ ಕಡೆ ಹೆಚ್ಚುವರಿ ಗತ್ತೆ ಕಟ್ಟಬೇಕಾಗುತ್ತಿತ್ತು. ಮೋಟಾರಿಗೆ ಏನು ಕಟ್ಟುವುದು?

ಅವನ ಬಂಡಿಯ ಕೆಳಗಿದ್ದ ಮೋಟಾರಿನಿಂದ ಅಚ್ಚಿಗೆ ಒಂದೇ ಜೋಡಿ ಗಿಯರ್. ಮೋಟಾರಿನ ತುದಿಯಲ್ಲೊಂದು ಸಣ್ಣ ಹಲ್ಲುಚಕ್ರ, ಅಚ್ಚಿನ ಮೇಲೊಂದು ದೊಡ್ಡದು, ಅಷ್ಟೇ. ಸರಳ, ಚೊಕ್ಕ. ಸಪಾಟು ರಸ್ತೆಗೆ ಅದು ಸಾಕಿತ್ತು.

1887ರ ನವೆಂಬರಿನ ಒಂದು ರಾತ್ರಿ ಬಂಡಿಯನ್ನು ಗುಟ್ಟಾಗಿ ಹೊರತೆಗೆದರು. ಸ್ಪ್ರೇಗ್ ಮುಂದೆ ತಾನೇ ಬರೆದಿಟ್ಟ ಪ್ರಸಂಗ ಇದು. ಬಂಡಿ ಒಂದೊಂದೇ ಏರು ಹತ್ತಿತು. ಮೋಟಾರುಗಳು ಕಾಯುತ್ತಿರುವುದು ಗೊತ್ತಾಗುತ್ತಿತ್ತು, ಆದರೂ ಹತ್ತಿತು. ಫ್ರಾಂಕ್ಲಿನ್ ಬೀದಿಯ ಎತ್ತರದ ಏರಿನ ತುದಿ ಮುಟ್ಟುವ ಹೊತ್ತಿಗೆ ನಾಟಕ ಬಿಟ್ಟ ಜನ ಸುತ್ತ ಸೇರಿ ಚಪ್ಪಾಳೆ ಹೊಡೆಯತೊಡಗಿದರು. ಅಷ್ಟರಲ್ಲಿ ಮೋಟಾರು ಒಂದು ಥರ ಎಗರಾಡಿತು. ಆರ್ಮೇಚರ್ ಹೋಯಿತೆಂದು ಸ್ಪ್ರೇಗನಿಗೆ ಅದರಿಂದಲೇ ತಿಳಿಯಿತು. ಏನೂ ಆಗಿಲ್ಲವೆಂಬಂತೆ, ಸರ್ಕ್ಯೂಟಿನಲ್ಲಿ ಸಣ್ಣ ತೊಂದರೆಯಿದೆ, ಹೋಗಿ ಉಪಕರಣಗಳನ್ನು ತಾ ಎಂದು ಗ್ರೀನನಿಗೆ ಎಲ್ಲರಿಗೂ ಕೇಳುವಂತೆ ಹೇಳಿದ. ದೀಪ ಆರಿಸಿ, ಬಂಡಿಯೊಳಗೆ ಸೀಟಿನ ಮೇಲೆ ಮಲಗಿಬಿಟ್ಟ. ಜನ ಕಾದು ಕಾದು ಮನೆಗೆ ಹೋದರು. ಬಹಳ ಹೊತ್ತಿನ ಮೇಲೆ ಕತ್ತಲಲ್ಲಿ ಗ್ರೀನ್ 'ಉಪಕರಣ'ಗಳೊಂದಿಗೆ ಬಂದ. ನಾಲ್ಕು ಗಟ್ಟಿಮುಟ್ಟಾದ ಹೇಸರಗತ್ತೆಗಳು.

ಈ ಕತೆಯನ್ನು ಎಲ್ಲರೂ ನಗಲಿಕ್ಕೆ ಹೇಳುತ್ತಾರೆ. ನನಗೆ ಆ ರಾತ್ರಿ ಸೀಟಿನ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ ಮನುಷ್ಯನ ನೆನಪೇ ಹೆಚ್ಚು. ಕರಾರಿನ ಗಡುವು ದಾಟಿ ಹೋಗಿದೆ. ಕೈಯಲ್ಲಿ 80 ಮೋಟಾರುಗಳ ಆರ್ಡರ್. ಊರು ಅಷ್ಟೂ ಏರು. ಬಂಡಿ ಏರು ಹತ್ತಬಲ್ಲದು ಎಂದು ಆ ರಾತ್ರಿ ಸಾಬೀತಾಯಿತು, ದಿನವಿಡೀ ಹತ್ತಲಾರದು ಎಂದೂ ಸಾಬೀತಾಯಿತು. ಎರಡನೆಯದೇ ಮುಖ್ಯ.

ಅವನ ಮುಂದೆ ಎರಡು ದಾರಿ. ಮೋಟಾರನ್ನೇ ದೊಡ್ಡದು ಮಾಡುವುದು: ಹೆಚ್ಚು ತಾಮ್ರ, ಹೆಚ್ಚು ಕಬ್ಬಿಣ, ಹೆಚ್ಚು ತೂಕ, ಆ ತೂಕವನ್ನೂ ಅದೇ ಏರಿಗೆ ಹತ್ತಿಸಬೇಕು. ಇಲ್ಲವೇ ಗಿಯರ್ ಬದಲಿಸುವುದು. ಸ್ಪ್ರೇಗ್ ಗಿಯರ್ ಬದಲಿಸಿದ. ಮೋಟಾರಿಗೂ ಅಚ್ಚಿಗೂ ನಡುವೆ ಇನ್ನೊಂದು ದಂಡ ಸೇರಿಸಿ, ಒಂದರ ಬದಲು ಎರಡು ಜೋಡಿ ಹಲ್ಲುಚಕ್ರ ಹಾಕಿಸಿದ. ಮೋಟಾರಿನ ವೇಗ ಎರಡು ಹಂತಗಳಲ್ಲಿ ಇಳಿದು ಚಕ್ರಕ್ಕೆ ತಲುಪತೊಡಗಿತು. ಬಂಡಿ ನಿಧಾನವಾಯಿತು, ಅದೇ ಏರಿಗೆ ಮೋಟಾರು ಎಳೆಯುವ ಕರೆಂಟು ಇಳಿಯಿತು. ಆ ಹೊತ್ತಿನಲ್ಲಿ ವಿನ್ಯಾಸ ಬದಲಿಸುವುದೆಂದರೆ ಕೈಯಿಂದ ದುಡ್ಡು ಸುರಿಯುವುದು. ಕೊನೆಗೆ ರಿಚ್ಮಂಡಿನ ಕೆಲಸದಲ್ಲಿ ಅವನಿಗೆ ದೊಡ್ಡ ನಷ್ಟವೇ ಆಯಿತು.

1888ರ ಫೆಬ್ರವರಿ 2ರಂದು ರಿಚ್ಮಂಡಿನ ಟ್ರಾಂ ವಿಧ್ಯುಕ್ತವಾಗಿ ಶುರುವಾಯಿತು. ಅದೇ ವರ್ಷ ಬಾಸ್ಟನ್ನಿನ ದೊಡ್ಡ ಟ್ರಾಂ ಕಂಪನಿಯ ಮುಖ್ಯಸ್ಥ ಹೆನ್ರಿ ವಿಟ್ನಿ ನೋಡಲು ಬಂದ. ನೆಲದಡಿಯ ಉಕ್ಕಿನ ಹಗ್ಗದಿಂದ ಬಂಡಿ ಎಳೆಯುವ ಕೇಬಲ್ ಪದ್ಧತಿಯೋ ವಿದ್ಯುತ್ತೋ ಎಂಬ ಲೆಕ್ಕಾಚಾರದಲ್ಲಿದ್ದ ಅವನು. ಅವನ ಗುಮಾನಿಯೆಂದರೆ, ಒಂದೇ ಕಡೆ ಹತ್ತಾರು ಬಂಡಿ ಸಿಕ್ಕಿಕೊಂಡು ಒಟ್ಟಿಗೆ ಹೊರಟರೆ ಏನು ಗತಿ? ಸ್ಪ್ರೇಗ್ ಒಂದು ರಾತ್ರಿ 22 ಬಂಡಿಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಒಟ್ಟಿಗೆ ಹೊರಡಿಸಿ ತೋರಿಸಿದ. ದೀಪಗಳು ಮಂಕಾದವು, ವೋಲ್ಟೇಜ್ ಕುಸಿಯಿತು, ಬಂಡಿಗಳು ಒಂದೊಂದಾಗಿ ತೆವಳಿ ಹೊರಟವು. ಬಾಸ್ಟನ್ ವಿದ್ಯುತ್ತನ್ನು ಆರಿಸಿತು. ಅಲ್ಲಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ವಿದ್ಯುತ್ ಟ್ರಾಂ ಕಾಡ್ಗಿಚ್ಚಿನಂತೆ ಹಬ್ಬಿತು. 1895ರಲ್ಲಿ ಮದ್ರಾಸಿನಲ್ಲಿ ಓಡಿದ ಟ್ರಾಂ ನಮ್ಮ ದೇಶಕ್ಕೇ ಮೊದಲನೆಯದು. ಅದಕ್ಕೆ ಮೊದಲು ವಿದ್ಯುತ್ತನ್ನು ರಸ್ತೆಯ ಕೆಳಗಿನ ಕಾಲುವೆಯಲ್ಲಿ ಕೊಟ್ಟು, ಮಳೆಯ ಕಾಟಕ್ಕೆ ಆಮೇಲೆ ಮೇಲಿನ ತಂತಿಗೆ ಬದಲಿಸಬೇಕಾಯಿತು. 1907ರಲ್ಲಿ ಮುಂಬಯಿ, 1908ರಲ್ಲಿ ದಿಲ್ಲಿ.

ಆದರೆ ಸ್ಪ್ರೇಗನ ಎರಡು ಜೋಡಿ ಗಿಯರಿಗೆ ಆಯುಸ್ಸು ಹೆಚ್ಚಿರಲಿಲ್ಲ. ಧೂಳಿಗೆ ತೆರೆದಿದ್ದ ಹಲ್ಲುಗಳು ಬೇಗ ಸವೆಯುತ್ತಿದ್ದವು, ಬೀದಿಯ ಆ ತುದಿಗೆ ಕೇಳುವಷ್ಟು ಕಿರುಚುತ್ತಿದ್ದವು. 1890, 91ರ ಹೊತ್ತಿಗೆ ನಾಲ್ಕು ಧ್ರುವದ, ನಿಧಾನ ತಿರುಗುವ, ಹೆಚ್ಚು ಬಲದ ಮೋಟಾರುಗಳು ಬಂದವು. ಮತ್ತೆ ಒಂದೇ ಜೋಡಿ ಗಿಯರಿಗೆ, ಈ ಸಲ ಮುಚ್ಚಿದ ಪೆಟ್ಟಿಗೆಯಲ್ಲಿ, ವಾಪಸಾದರು. ಆಮೇಲೆ, ಒಂದೂ ಬೇಡ ಎನ್ನುವವರು ಬಂದರು. ಲಂಡನ್ನಿನಲ್ಲಿ 1890ರಲ್ಲಿ ತೆರೆದ ಮೊದಲ ಆಳದ ಸುರಂಗ ರೈಲಿನಲ್ಲಿ ಎಂಜಿನ್ನಿನ ಅಚ್ಚಿನ ಮೇಲೆಯೇ ಆರ್ಮೇಚರ್ ಕಟ್ಟಿದ್ದರು. ಗಿಯರ್ ಇಲ್ಲವೇ ಇಲ್ಲ. ಥೇಮ್ಸ್ ನದಿಯ ಕೆಳಗಿಂದ ಮೇಲೇರಿ ಕೊನೆಯ ನಿಲ್ದಾಣ ಸೇರುವಾಗ ಆ ರೈಲುಗಳು ಒಮ್ಮೊಮ್ಮೆ ಏರಲಾರದೆ ಹಿಂದೆ ಸರಿದು, ಓಡಿಬಂದು ಮತ್ತೆ ಯತ್ನಿಸಬೇಕಾಗುತ್ತಿತ್ತು. 1900ರಲ್ಲಿ ಶುರುವಾದ ಇನ್ನೊಂದು ಸುರಂಗ ಮಾರ್ಗವೂ ಗಿಯರಿಲ್ಲದ ಭಾರೀ ಎಂಜಿನ್ನುಗಳನ್ನೇ ತಂದಿತು. ಸ್ಪ್ರಿಂಗಿನ ಆಸರೆಯಿಲ್ಲದೆ ಅಷ್ಟೂ ತೂಕ ನೇರ ಹಳಿಗೆ ಬಡಿದು, ಮೇಲಿನ ಮನೆಗಳು ನಡುಗುತ್ತಿವೆಯೆಂದು ದೂರು ಬಂದು, ವಿಚಾರಣೆಗೆ ಸಮಿತಿ ಕೂತು, ಮೂರೇ ವರ್ಷಕ್ಕೆ ಆ ಎಂಜಿನ್ನುಗಳನ್ನು ತೆಗೆದರು. ಅವುಗಳ ಜಾಗಕ್ಕೆ ಬಂದದ್ದು ರೈಲಿನ ಹಲವು ಬಂಡಿಗಳಿಗೆ ಮೋಟಾರು ಹಂಚಿ, ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ಪದ್ಧತಿ. ಅದನ್ನು 1897ರಲ್ಲಿ ಶಿಕಾಗೋದಲ್ಲಿ ಮಾಡಿ ತೋರಿಸಿದ್ದವನೂ ಸ್ಪ್ರೇಗನೇ. 1925ರ ಫೆಬ್ರವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಹೊರಟ ಮುಂಬಯಿಯ ಮೊದಲ ವಿದ್ಯುತ್ ಲೋಕಲ್ ಈ ಪದ್ಧತಿಯದೇ. ನೀವು ದಿನಾ ನೇತಾಡಿಕೊಂಡು ಹೋಗುವುದೂ ಅದೇ.

ಮುಂಬಯಿ ಪುಣೆ ನಡುವೆ ಓಡಾಡುವ ಓದುಗರಿಗೆ ಕರ್ಜತಿನ ನಿಲುಗಡೆ ಬೇರೆ ಹೇಳಬೇಕಿಲ್ಲ. ವಡೆ ಮಾರುವವರ ಗದ್ದಲದ ನಡುವೆ ಹಿಂದಿನಿಂದ ಒಂದು ಮೆಲ್ಲನೆಯ ಧಕ್ಕೆ, ಬ್ಯಾಂಕರ್ ಎಂಜಿನ್ನುಗಳು ಅಂಟಿಕೊಂಡವು. ಬೋರ್ ಘಾಟಿನಲ್ಲಿ 37 ಅಡಿಗೆ ಒಂದಡಿ ಏರು. ಸಿಂಹಗಡದ ರಸ್ತೆಗೆ ಹೋಲಿಸಿದರೆ ಏನೂ ಅಲ್ಲ, ರೈಲಿಗೆ ಮಾತ್ರ ಗೋಡೆ ಹತ್ತಿದಂತೆ. 1929ರಲ್ಲಿ ಈ ಘಾಟಿಗೆ ವಿದ್ಯುತ್ ಬಂತು. ಗೂಡ್ಸಿಗೆಂದು ತರಿಸಿದ ಎಂಜಿನ್ನುಗಳು 41. ಮೊದಲ ಹತ್ತು ಸ್ವಿಟ್ಜರ್ಲೆಂಡಿನಲ್ಲಿ, ಉಳಿದವು ಇಂಗ್ಲೆಂಡಿನಲ್ಲಿ ತಯಾರಾದವು. ಮೊಸಳೆಯಂಥ ಮೂತಿ, ಚಕ್ರದಿಂದ ಚಕ್ರಕ್ಕೆ ಉಗಿಬಂಡಿಯಂತೆ ಕಬ್ಬಿಣದ ಸರಳು, ಓರೆಯಾಗಿ ತೆವಳಿದಂತೆ ಕಾಣುವ ನಡೆ. ರೈಲ್ವೆಯವರು ಅದನ್ನು ಖೇಕಡಾ, ಅಂದರೆ ಏಡಿ, ಎಂದೇ ಕರೆದರು. ಗಂಟೆಗೆ 50 ಮೈಲಿಯೇ ಅದರ ಮಿತಿ. ಘಾಟು ಇಳಿಯುವಾಗ ಅದರ ಮೋಟಾರುಗಳೇ ಜನರೇಟರುಗಳಾಗಿ ತಂತಿಗೆ ವಿದ್ಯುತ್ ತಿರುಗಿ ಕೊಡುತ್ತಿದ್ದವು. 1930ರ ಡೆಕ್ಕನ್ ಕ್ವೀನ್ ಎಳೆಯಲು ಬಂದದ್ದು ಬೇರೆಯೇ ಜಾತಿಯ, ಓಟಕ್ಕೆ ಮಾಡಿದ ಎಂಜಿನ್. ದಿಲ್ಲಿಯವರು ಚಾಣಕ್ಯಪುರಿಯ ರೈಲು ಮ್ಯೂಸಿಯಮ್ಮಿಗೆ ಹೋದರೆ ಎರಡೂ ಜಾತಿಯ ಒಂದೊಂದು ಎಂಜಿನ್ ನೋಡಬಹುದು.

ಇಂದಿನ ಎಂಜಿನ್ನುಗಳಲ್ಲಿ ಇದು ಇನ್ನೂ ನಿಚ್ಚಳ. ಉದ್ದ ಗೂಡ್ಸ್ ಎಳೆಯುವ ಡಬ್ಲ್ಯುಎಜಿ-9, ಎಕ್ಸ್‌ಪ್ರೆಸ್ ಎಳೆಯುವ ಡಬ್ಲ್ಯುಎಪಿ-7, ಎರಡೂ ಚಿತ್ತರಂಜನದ ಕೂಸುಗಳು. ಎರಡಕ್ಕೂ ಅದೇ ಆರು ಮೋಟಾರು. ಗೂಡ್ಸಿನದರಲ್ಲಿ ಮೋಟಾರಿನ ತುದಿಗೆ 15 ಹಲ್ಲು, ಅಚ್ಚಿನ ಚಕ್ರಕ್ಕೆ 77. ಎಕ್ಸ್‌ಪ್ರೆಸ್ಸಿನದರಲ್ಲಿ 20ಕ್ಕೆ 72. ಹಲ್ಲಿನ ಈ ವ್ಯತ್ಯಾಸದಿಂದಲೇ ಒಂದು ಗಂಟೆಗೆ 100 ಕಿಲೋಮೀಟರಿಗೆ ನಿಲ್ಲುತ್ತದೆ, ಇನ್ನೊಂದು 140 ಮುಟ್ಟುತ್ತದೆ. ಹೊರಡುವಾಗ ಎಳೆಯುವ ಬಲದಲ್ಲಿ ಎರಡನೆಯದು ಮೊದಲನೆಯದರ ನೂರಕ್ಕೆ ಎಪ್ಪತ್ತರಷ್ಟು ಮಾತ್ರ. ಇನ್ನೊಂದು ಮಾತು. ಎಂಜಿನ್ನಿನ ಮೋಟಾರಿಗೆ ಎರಡು ಶಕ್ತಿ ಬರೆಯುವ ರೂಢಿಯಿದೆ, ಒಂದು ಗಂಟೆ ಎಳೆಯಬಹುದಾದಷ್ಟು ಮತ್ತು ದಿನವಿಡೀ ಎಳೆಯಬಹುದಾದಷ್ಟು. ಎರಡನ್ನೂ ತೀರ್ಮಾನಿಸುವುದು ಕಾವು. ಫ್ರಾಂಕ್ಲಿನ್ ಬೀದಿಯ ಆ ರಾತ್ರಿಗೂ ಉಳಿದ ಹಗಲುಗಳಿಗೂ ಇದ್ದ ಅಂತರ ಇದೇ.

ಈಗ ನಮ್ಮ ಹುಡುಗನ ಸೈಕಲ್ಲು. ವಿದ್ಯುತ್ ಸೈಕಲ್ಲು ಹೊಸದೇನಲ್ಲ. 1895ರ ಡಿಸೆಂಬರ್ 31ರಂದು ಆಗ್ಡನ್ ಬೋಲ್ಟನ್ ಎಂಬ ಅಮೆರಿಕನ್ನನಿಗೆ ಹಿಂದಿನ ಚಕ್ರದೊಳಗೇ ಮೋಟಾರು ಕೂರಿಸಿದ ಸೈಕಲ್ಲಿಗೆ ಪೇಟೆಂಟು ಸಿಕ್ಕಿತ್ತು. ಗಿಯರಿಲ್ಲ, ಪೆಡಲೂ ಇಲ್ಲ. 10 ವೋಲ್ಟಿನ ಬ್ಯಾಟರಿ, 100 ಆಂಪಿಯರ್ ಕರೆಂಟು. ಆ 100 ಆಂಪಿಯರ್ ಓದಿದಾಗ ನನಗೆ ಮಾವನ ಅಂಗಡಿಯ ವಾಸನೆ ಬಂತು. ಎರಡು ವರ್ಷದ ಮೇಲೆ ಬಾಸ್ಟನ್ನಿನ ಹೋಸಿಯಾ ಲಿಬಿ ಮೋಟಾರನ್ನು ಪೆಡಲಿನ ಅಚ್ಚಿನ ಬಳಿ ತಂದು ಕೂರಿಸಿದ. ಆ ಜಾಗ ಮಾರುಕಟ್ಟೆಗೆ ಬರಲು ಸುಮಾರು ನೂರು ವರ್ಷ ಬೇಕಾಯಿತು. 1993ರಲ್ಲಿ ಜಪಾನಿನ ಯಮಹಾ ಕಂಪನಿ ಪೆಡಲಿನ ಬಳಿ ಮೋಟಾರಿರುವ ಸೈಕಲ್ಲನ್ನು ಮಾರಾಟಕ್ಕಿಟ್ಟಿತು.

ಈ ಎರಡು ಜಾಗಗಳ ನಡುವೆ ಏನು ವ್ಯತ್ಯಾಸ? ಹಬ್ಬಿನಲ್ಲಿ ಕೂತ ಮೋಟಾರಿಗೆ ಚಕ್ರದೊಂದಿಗೆ ಶಾಶ್ವತ ಲಗ್ನ. ಕೆಲವು ಹಬ್ ಮೋಟಾರುಗಳ ಒಳಗೆ ಸಣ್ಣ ಗಿಯರುಗಳಿರುತ್ತವೆ, ಹುಡುಗನದೂ ಅಂಥದೇ, ಆದರೆ ಆ ಅನುಪಾತ ಬದಲಾಗುವುದಿಲ್ಲ. ಸವಾರ ಚೈನನ್ನು ಯಾವ ಹಲ್ಲಿಗೆ ಬದಲಿಸಿದರೂ ಮೋಟಾರಿಗೆ ಸುದ್ದಿಯೇ ಇಲ್ಲ. ಪೆಡಲಿನ ಬಳಿ ಕೂತ ಮೋಟಾರು ಚೈನಿನ ಮೂಲಕವೇ ಎಳೆಯುತ್ತದೆ. ಹಿಂದಿನ ಗಿಯರ್ ಇಳಿಸಿದರೆ ಅದಕ್ಕೂ ಹಗುರವಾಗುತ್ತದೆ.

ಫೋನಿನಲ್ಲಿಯೇ ಅವನಿಗೆ ಲೆಕ್ಕ ಹಾಕಿಸಿದೆ. ಸೈಕಲ್ಲೂ ಅವನೂ ಸೇರಿ 100 ಕಿಲೋ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡೆ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 220 ವ್ಯಾಟ್ ಸಾಕು. ಅವನ ಮೋಟಾರು 250 ವ್ಯಾಟಿನದು. ಅಂದರೆ ಶಕ್ತಿಗೆ ಕೊರತೆಯಿರಲಿಲ್ಲ. ಆದರೆ ಅವನ ಮೋಟಾರನ್ನು ಸುತ್ತಿದ್ದು ಗಂಟೆಗೆ 25 ಕಿಲೋಮೀಟರ್ ಓಟಕ್ಕೆ. ಅದನ್ನು ಮೂರನೇ ಒಂದು ಭಾಗದ ವೇಗಕ್ಕೆ ಇಳಿಸಿ, ಸಪಾಟಿನಲ್ಲಿ ಬೇಕಾಗುವುದರ ಹಲವು ಪಟ್ಟು ಬಲ ಕೇಳಿದರೆ, ಬ್ಯಾಟರಿಯಿಂದ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾವಾಗಿಯೇ ಹೋಗಬಹುದು. ಮುಚ್ಚಿದ ಚಿಪ್ಪಿನೊಳಗಿಂದ ಆ ಕಾವು ಹೊರಬರುವ ದಾರಿಯೂ ಇಕ್ಕಟ್ಟು. ಕಿಟ್ ಮಾರಿದವನು ಹೇಳಿದ ದೊಡ್ಡ ಮೋಟಾರು ಹಾಕಿದ್ದರೆ ಸುಡುವುದು ಇನ್ನೊಂದು ತಿರುವಿನಷ್ಟು ಮುಂದೆ ಹೋಗುತ್ತಿತ್ತೇನೋ. ತಮಾಷೆಯೆಂದರೆ ನಮ್ಮ ಕಾಯಿದೆಗೆ ಈ ಸಂಗತಿ ಗೊತ್ತು. ಸೈಕಲ್ಲಿಗೆ ರಿಜಿಸ್ಟ್ರೇಶನ್ ಬೇಡವೆನ್ನಲು ಮೋಟಾರು ವಾಹನ ನಿಯಮಗಳು ಕೇಳುವುದು ಬರಿಯ 250 ವ್ಯಾಟ್ ಅಲ್ಲ, ಮೋಟಾರಿನ 'ಮೂವತ್ತು ನಿಮಿಷದ ಶಕ್ತಿ' ಅದಕ್ಕಿಂತ ಕಡಿಮೆಯಿರಬೇಕೆಂದು.

"ಹಂಗಾದ್ರ ಹಳೇ ಮೋಟಾರ ರಿವೈಂಡ್ ಮಾಡ್ಸೂದು ಬ್ಯಾಡ?"

"ಮಾಡ್ಸು, ಆಫೀಸಿಗೆ ಸಾಕು. ಗಡಾ ಹತ್ತೂದಿದ್ರ ಪೆಡಲಿನ ಹಂತ್ಯಾಕ ಮೋಟಾರ ತರಬೇಕು."

ತಂದ. ಅದೇ 250 ವ್ಯಾಟ್. ಮೊದಲ ಸಲ ಮತ್ತೆ ಕಾಯಿಸಿದ. ಯಾಕೆಂದರೆ ಹುಡುಗಬುದ್ಧಿ, ಹಿಂದಿನ 14 ಹಲ್ಲಿನ ಚಕ್ರದ ಮೇಲೆಯೇ ಏರಿಗೆ ಬಿಟ್ಟಿದ್ದ. ಮುಂದೆ 44 ಹಲ್ಲು, ಹಿಂದೆ 14. ಅದೇ ಏರನ್ನು 32ರ ಮೇಲೆ ಹತ್ತಿದರೆ ಮೋಟಾರು ಕೊಡಬೇಕಾದ ಬಲ ಎರಡೂಕಾಲು ಪಟ್ಟು ಕಡಿಮೆ, ಕರೆಂಟೂ ಅಷ್ಟೇ ಕಡಿಮೆ, ತಾಮ್ರದ ಕಾವು ಐದು ಪಟ್ಟು ಕಡಿಮೆ. ಬೆರಳಿನಿಂದ ಒಂದು ಗುಂಡಿ ಒತ್ತುವ ಕೆಲಸ. ಸ್ಪ್ರೇಗ್ ಅದಕ್ಕೆ ಬಂಡಿಯ ತಳವನ್ನೇ ಬಿಚ್ಚಿಸಬೇಕಾಯಿತು.

ಎರಡನೆಯ ಸಲ ಗಡದ ಮೇಲಿಂದ ಫೋನ್ ಬಂತು. ಮಾವ ಮೋಟಾರನ್ನು ಪರೀಕ್ಷಿಸುತ್ತಿದ್ದ ರೀತಿಯನ್ನು ಅವನಿಗೆ ಮೊದಲೇ ಹೇಳಿಕೊಟ್ಟಿದ್ದೆ. ಅಂಗೈ ಇಟ್ಟು ಎಣಿಸಬೇಕು, ಹತ್ತರವರೆಗೆ ಇಟ್ಟುಕೊಳ್ಳಲು ಆದರೆ ಚಿಂತೆಯಿಲ್ಲ.

"ಇಪ್ಪತ್ತರ ತನಕಾ ಎಣಿಸೀನಿ ಕಾಕಾ," ಎಂದ. ಬಾಯಿ ತುಂಬ ಭಾಕರಿ ಇತ್ತು.

ಈಗ ಅವನ ದೂರು ಬೇರೆ. ಮೂರು ತಿಂಗಳಿಗೊಮ್ಮೆ ಚೈನ್ ಸವೆಯುತ್ತದಂತೆ. ಕಾಲಿನ ಜೊತೆ ಮೋಟಾರಿನ ಬಲವನ್ನೂ ಅದೊಂದೇ ಹೊರಬೇಕಲ್ಲ. ಗಿಯರ್ ಬದಲಿಸುವ ಗಳಿಗೆಯಲ್ಲಿ ಮೋಟಾರನ್ನು ಒಂದು ಕ್ಷಣ ಬಿಡು, ಎಣ್ಣೆ ಹಾಕುತ್ತಿರು ಎಂದಿದ್ದೇನೆ. ಹಾಕುತ್ತಾನೋ ಇಲ್ಲವೋ, ದೀಪಾವಳಿಗೆ ಬಂದಾಗ ಸೈಕಲ್ಲನ್ನೇ ನೋಡಬೇಕು.